ಹಳೇ ಸಾಮಾನಿನ ಮೌಶಿ

ಮೌಶಿಯ ಎಡಗೈ ಹೆಬ್ಬೆರಳಿನ ಉಗುರು ಉಳಿದ ಉಗುರುಗಳ ಜಾತಿಗೆ ಸೇರಿದ್ದಲ್ಲ. ದಪ್ಪಗೆ, ತುಸು ಹಳದಿಯಾಗಿ, ತುದಿಯಲ್ಲಿ ಬಡಗಿಯ ಉಳಿಯಂತೆ ನೇರವಾಗಿರುತ್ತಿತ್ತು. ಅದರ ಸಂದಿಯಲ್ಲಿ ಸದಾ ಯಾವುದಾದರೊಂದು ಬಣ್ಣ ಸಿಕ್ಕಿಕೊಂಡಿರುತ್ತಿತ್ತು. ಒಂದು ವಾರ ಆಸ್ಪತ್ರೆಯ ಹಸಿರು, ಇನ್ನೊಂದು ವಾರ ಶಾಲೆಯ ಬೆಂಚಿನ ಕಂದು. ಮರದ ಯಾವ ವಸ್ತು ಕಂಡರೂ ಆ ಉಗುರು ತಾನಾಗಿ ಮುಂದೆ ಹೋಗಿ, ಯಾರಿಗೂ ಕಾಣದ ಮೂಲೆಯಲ್ಲಿ ಒಂದು ಗೀರು ಎಳೆದು, ಬಣ್ಣದ ಅಡಿಯಲ್ಲಿರುವುದು ಸಾಗುವಾನಿಯೋ ಪ್ಲೈವುಡ್ಡೋ ಎಂದು ವಿಚಾರಿಸಿಕೊಂಡು ಬರುತ್ತಿತ್ತು. ಒಮ್ಮೆ ಡಾಕ್ಟರು ಇವರ ರಕ್ತದೊತ್ತಡ ನೋಡುತ್ತಿದ್ದಾಗ ಇವರು ಡಾಕ್ಟರ ಮೇಜನ್ನು ನೋಡಿದರು. ಹೊರಗೆ ಬಂದ ಮೇಲೆ ನನ್ನ ಹೆಂಡತಿ ಗಾಬರಿಯಿಂದ, “ಏನಂತೆ ಮೌಶಿ?” ಎಂದು ಕೇಳಿದಳು.

“ಪ್ಲೈವುಡ್” ಎಂದರು ಮೌಶಿ.

ವಿಜಾಪುರದ ಕಡೆಯವರು. ಗೋರೆಗಾಂವಿನ ನಮ್ಮ ಬಿಲ್ಡಿಂಗಿನಲ್ಲಿ, ನಮ್ಮದೇ ಮೂರನೇ ಮಾಳಿಗೆಯ ಕೊನೆಯ ಕೋಣೆಯಲ್ಲಿ ಒಬ್ಬರೇ ಇದ್ದರು. ಬಟ್ಟೆ ಗಿರಣಿಯಲ್ಲಿದ್ದ ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಗಳು ಸೊಲ್ಲಾಪುರದಲ್ಲಿ. ಹೊಸ ಸೀರೆಗಳಿಗೆ ಕೈಹೊಲಿಗೆಯಲ್ಲಿ ಫಾಲ್ ಹಚ್ಚಿ ಕೊಡುವುದು ಅವರ ಉದ್ಯೋಗ. ಆದ್ದರಿಂದ ಎರಡೂ ವಿಂಗುಗಳ ಯಾವ ಮನೆಯಲ್ಲಿ ಮದುವೆ, ಯಾರು ಅಡುಗೆಮನೆ ಒಡೆಸುತ್ತಿದ್ದಾರೆ, ಯಾರು ಏನನ್ನು ಎಸೆಯುವ ಆಲೋಚನೆಯಲ್ಲಿದ್ದಾರೆ ಎಂಬ ಸಮಾಚಾರವೆಲ್ಲ ಸೊಸೈಟಿಯ ವಾಟ್ಸ್ಆಪಿಗಿಂತ ಮೊದಲು ಅವರಿಗೆ ಮುಟ್ಟುತ್ತಿತ್ತು. ಮರಾಠಿಗರು, ಗುಜರಾತಿಗಳು, ಅವರಿಗಿಂತ ಹಿರಿಯರಾದ ಗಂಡಸರು, ಎಲ್ಲರೂ ಅವರನ್ನು ಮೌಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ನಾನೂ ಕರೆದೆ. ಬೇರೆ ಹೆಸರಿನಿಂದ ಕರೆದರೆ ಅವರು ತಿರುಗಿ ನೋಡುತ್ತಿದ್ದರೋ ಇಲ್ಲವೋ ಅನುಮಾನ.

ಇನ್ನು ನಮ್ಮ ಚರಿತ್ರೆ. ಮೈಸೂರಿನಿಂದ ಬಂದ ನಾನು ಬಾಂದ್ರಾದ ಒಂದು ಸರ್ಕಾರಿ ಕಚೇರಿಯಲ್ಲಿ ಕೂದಲು ಬೆಳ್ಳಗಾಗುವ ತನಕ ಕುಳಿತು ನಿವೃತ್ತನಾದವನು. ಅಲ್ಲಿಯವರೆಗೆ ನಮ್ಮ ವಾಸ ಕ್ವಾರ್ಟರ್ಸಿನಲ್ಲಿ. ಅಲ್ಲಿನ ಮಂಚ, ಮೇಜು, ಬೀರು, ಊಟದ ಕುರ್ಚಿ ಎಲ್ಲದರ ಬೆನ್ನಿನ ಮೇಲೂ ಬಿಳಿ ಬಣ್ಣದಲ್ಲಿ ಒಂದು ಸರ್ಕಾರಿ ನಂಬರು. ಬಿಟ್ಟು ಹೊರಡುವ ದಿನ ಒಬ್ಬ ಗುಮಾಸ್ತ ಬಂದು ನಂಬರುಗಳನ್ನು ತಾಳೆ ನೋಡಿಕೊಂಡು ಹೋದ ಮೇಲೆ, ನಂಬರಿಲ್ಲದ ವಸ್ತುಗಳೆಂದರೆ ಪಾತ್ರೆ, ಬಟ್ಟೆ, ದೇವರು ಮತ್ತು ನಾವಿಬ್ಬರು ಎಂಬುದು ಬೆಳಕಿಗೆ ಬಂತು. ಕೈಯಲ್ಲಿದ್ದ ಹಣವೆಲ್ಲ ಗೋರೆಗಾಂವಿನ ಈ ಎರಡು ಕೋಣೆಗಳ ಫ್ಲಾಟಿಗೆ ಹೋಗಿತ್ತು. ಹೊಸ ಮನೆಯ ಹಾಲಿನಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ, ಒಂದರ ಮೇಲೊಂದು ಸೂಟ್‌ಕೇಸುಗಳ ಗೋಪುರ, ಬ್ಯಾಂಕುಗಳು ಉಚಿತವಾಗಿ ಕೊಟ್ಟ ದೇವರ ಕ್ಯಾಲೆಂಡರುಗಳು ರಾರಾಜಿಸಿದವು. ನನಗೆ ಇದರಲ್ಲಿ ಕೊರತೆಯೇನೂ ಕಾಣಲಿಲ್ಲ. ಕುಳಿತುಕೊಳ್ಳಲು ಕುರ್ಚಿ ಇತ್ತು, ವಾರ ತಿಥಿ ತಿಳಿಯುತ್ತಿತ್ತು.

ಹೆಂಡತಿಗೆ ಕಂಡಿತು. ಕ್ವಾರ್ಟರ್ಸಿನಲ್ಲಿ ನವರಾತ್ರಿಯ ಗೊಂಬೆಯಿಂದ ಹಿಡಿದು ಯಾರದೋ ಮಗಳ ಸೀಮಂತದವರೆಗೆ ಅವಳಿಲ್ಲದೆ ಒಂದು ಕಾರ್ಯ ನಡೆದದ್ದಿಲ್ಲ. ಇಲ್ಲಿ ಬಂದ ಮೇಲೆ ಯಾರು ಕರೆದರೂ ಹೋಗುವುದನ್ನು ಬಿಟ್ಟಳು. ಹೋದರೆ ಅವರನ್ನೂ ಕರೆಯಬೇಕಲ್ಲ. ಬಾಗಿಲು ತಟ್ಟಿದವರನ್ನು ಹೊಸ್ತಿಲಲ್ಲೇ ನಿಲ್ಲಿಸಿ ಮಾತಾಡಿ ಕಳಿಸುವ ಕಲೆಯಲ್ಲಿ ಪ್ರವೀಣಳಾದಳು. ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಈ ಊರಿನ ಹೆಂಗಸರು ಸರದಿಯ ಮೇಲೆ ಒಬ್ಬರ ಮನೆಗೊಬ್ಬರು ಹಳದಿ-ಕುಂಕುವಿಗೆ ಹೋಗುತ್ತಾರೆ. ಬಂದವರಿಗೆಲ್ಲ ಮನೆಯಾಕೆ ‘ವಾಣ’ ಎಂದು ಒಂದು ಉಡುಗೊರೆ ಕೊಡುತ್ತಾಳೆ, ನಮ್ಮ ಬಾಗಿನದ ಹಾಗೆ. ಮೊದಲ ಎರಡು ವರ್ಷ ಅವಳಿಗೆ ಸರಿಯಾಗಿ ಆ ದಿನಗಳಲ್ಲೇ ಸೊಂಟ ನೋವು ಬಂತು. ಮಾತು ಕಡಿಮೆಯಾಯಿತು. ಮಾತು ಕಡಿಮೆಯಾದರೆ ಗಂಡಂದಿರಿಗೆ ಸುಖ ಎಂದು ನಂಬಿದವರು ಒಮ್ಮೆ ಅನುಭವಿಸಿ ನೋಡಬೇಕು.

ಮೌಶಿ ನಮ್ಮ ಮನೆಯ ಒಳಗೆ ಬಂದದ್ದು ಕರೆಸಿಕೊಂಡಲ್ಲ, ನುಗ್ಗಿ. ಸೀರೆ ತೆಗೆದುಕೊಂಡು ಹೋಗಲು ಬಂದವರು ಹೊಸ್ತಿಲಲ್ಲಿ ನಿಂತಿದ್ದ ನನ್ನ ಹೆಂಡತಿಯ ಪಕ್ಕದಿಂದ ಹಾದು, ಹಾಲಿನ ನಡುವೆ ನಿಂತು ಸುತ್ತಲೂ ನೋಡಿದರು. ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಕಿಟಕಿಯ ಬಳಿ ಎಳೆದುಕೊಂಡು ಕುಳಿತರು. ಅಲ್ಲಿಂದ ಎದ್ದು ಗೋಡೆಯ ಬಳಿ ಕುಳಿತರು. ಆಮೇಲೆ ಬಾಗಿಲಿನ ಬಳಿ. ಭೂಗರ್ಭದಲ್ಲಿ ನೀರು ಹುಡುಕುವವರ ಗಾಂಭೀರ್ಯ.

“ಸಾಹೇಬ್ರ, ಇಲ್ಲಿ ಕುಂತು ನೋಡ್ರಿ” ಎಂದು ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದರು. “ಏನು ಕಾಣತೈತಿ?”

“ಸೂಟ್‌ಕೇಸು.”

“ಮತ್ತ?”

“ಕ್ಯಾಲೆಂಡರು.”

“ಬಂದಾಂವ ಈ ಮನ್ಯಾಗ ಸೂಟ್‌ಕೇಸ್ ನೋಡ್ಕೋತ ಕುಂತರ, ಇವ್ರು ಇನ್ನೇನು ಗಾಡಿ ಹತ್ತಿ ಹೊಂಟಾರ ಅಂತ ತಿಳ್ಕೊಂಡು ತಾನೂ ಎದ್ದು ಹೋಗತಾನ. ಮದಲ ತಗೀರಿ. ತರೂದು ಆಮ್ಯಾಲೆ.”

ಅವರ ಶಾಸ್ತ್ರವೆಲ್ಲ ಇದರಲ್ಲಿ ಅಡಕವಾಗಿತ್ತು. ಅಂಗಡಿಯ ಅಲಂಕಾರ ನಿಂತು ನೋಡುವುದಕ್ಕೆ, ಮನೆಯ ಅಲಂಕಾರ ಕುಳಿತು ನೋಡುವುದಕ್ಕೆ. ಕುಳಿತವರ ಕಣ್ಣಿಗೆ ಏನು ಬೀಳುತ್ತದೋ ಅದನ್ನು ಸರಿ ಮಾಡಿದರೆ ಸಾಕು. ಮಿಕ್ಕಿದ್ದನ್ನು ದೇವರು ನೋಡಿಕೊಳ್ಳುತ್ತಾನೆ. ಸೂಟ್‌ಕೇಸುಗಳು ಒಳಕೋಣೆ ಸೇರಿದವು. ಕ್ಯಾಲೆಂಡರುಗಳಲ್ಲಿ ಒಬ್ಬ ಗಣಪತಿ ಮಾತ್ರ ಉಳಿದ. ನನ್ನ ದೀರ್ಘ ಸೇವೆಯನ್ನು ಕೊಂಡಾಡಿ ಕಚೇರಿಯವರು ಕೊಟ್ಟಿದ್ದ ಹಿತ್ತಾಳೆಯ ಫಲಕವನ್ನು ಮೌಶಿ ಬಹಳ ಹೊತ್ತು ಕೈಯಲ್ಲಿ ಹಿಡಿದು ನೋಡಿದರು. ನನ್ನ ಎದೆ ಉಬ್ಬಿತು. ಉಗುರು ಆಡಿತು. “ಹಿತ್ತಾಳಿ ಅಲ್ಲ” ಎಂದು ಅದನ್ನು ಬಚ್ಚಲಿನ ಅಟ್ಟಕ್ಕೆ ಕಳಿಸಿದರು.

ತೆಗೆದ ಮೇಲೆ ತರುವ ಕಾಂಡ ಆರಂಭವಾಯಿತು. ಎರಡನೇ ಮಾಳಿಗೆಯಲ್ಲಿ ಅಡುಗೆ ಕಟ್ಟೆ ಒಡೆದಾಗ ಕಡಪಾ ಕಲ್ಲಿನ ಒಂದು ಚಪ್ಪಡಿ ಇಡಿಯಾಗಿ ಸಿಕ್ಕಿತು. ಬಾವಿಗೆ ಬಿದ್ದವನನ್ನು ಎತ್ತುವಂತೆ ಅದನ್ನು ನಾಲ್ಕು ಜನ ಮೇಲಕ್ಕೆ ತಂದರು. ಮುಚ್ಚಿಹೋದ ಒಂದು ಕ್ಲಿನಿಕ್ಕಿನ ಬೆಂಚಿನ ಕಾಲುಗಳ ಮೇಲೆ ಕೂತು ಅದು ಟೀಪಾಯಿಯಾಯಿತು. ಹೆಂಡತಿಯ ಹಳೆಯ ಕೈಮಗ್ಗದ ಸೀರೆಗಳು ಅಂಚು ಕೆಳಗೆ ಬರುವಂತೆ ಪರದೆಗಳಾದವು. ಉಪ್ಪಿನಕಾಯಿಯ ಭರಣಿಗೆ ತಳದಲ್ಲಿ ತೂತು ಕೊರೆಸಿ ದೀಪ ಮಾಡುವ ಒಂದು ಪ್ರಯೋಗವೂ ನಡೆಯಿತು. ಭರಣಿ ಒಡೆಯಿತು. ಮೌಶಿ ಅದನ್ನು ನೋಡಿ, “ಅದಕ್ಕ ಮನಸ್ಸಿರಲಿಲ್ಲ” ಎಂದು ಚೂರುಗಳನ್ನು ತುಂಬಿಕೊಂಡು, ಅವನ್ನೂ ಒಂದು ಕುಂಡಕ್ಕೆ ಅಂಟಿಸಿದರು. ಆ ಕುಂಡ ನಿಜಕ್ಕೂ ಚೆನ್ನಾಗಿರಲಿಲ್ಲ. ಹಾಗೆಂದು ಹೇಳುವ ಧೈರ್ಯ ನಮಗಿರಲಿಲ್ಲವಾಗಿ ಅದು ಇಂದಿಗೂ ಇದೆ.

ನನ್ನ ಕುತೂಹಲಕ್ಕೆ ಕಾರಣವಾದದ್ದು ಮಾತ್ರ ಬೇರೆ. ಯಾವ ಹಳೆಯ ಸಾಮಾನನ್ನೇ ಆಗಲಿ, ಕೊಳ್ಳುವುದಕ್ಕೆ ಮುಂಚೆ ಮೌಶಿ ಮಾರುವವರನ್ನು ಒಂದು ಪ್ರಶ್ನೆ ಕೇಳುತ್ತಿದ್ದರು. “ಯಾಕ ಮಾರಾಕತ್ತೀರಿ?” ಕನ್ನಡ, ಮರಾಠಿ, ಹಿಂದಿ, ಅಷ್ಟೇನೂ ಗಟ್ಟಿಯಲ್ಲದ ಗುಜರಾತಿ, ಎಲ್ಲದರಲ್ಲೂ ಇದೇ ಪ್ರಶ್ನೆ. ಬೆಲೆ ಆಮೇಲೆ. ಉತ್ತರ ಹಿಡಿಸದಿದ್ದರೆ ಬೆಲೆಯ ಮಾತೇ ಇಲ್ಲ, ಎದ್ದು ಬಂದುಬಿಡುವುದೇ.

ಮಾಟುಂಗದ ಒಂದು ಹಳೆಯ ಉಡುಪಿ ಹೋಟೆಲಿನವರು ಎ.ಸಿ. ಹಾಲ್ ಮಾಡುತ್ತಾರೆ, ಮರದ ಕುರ್ಚಿಗಳನ್ನು ತೆಗೆಯುತ್ತಾರೆ ಎಂಬ ಸುದ್ದಿ ಬಂದಾಗ ನಾವು ಮೂವರೂ ಹೋದೆವು. ಮಾಲೀಕರು ಗಲ್ಲಾದ ಹಿಂದೆ ಕೂತಿದ್ದರು. ಮೌಶಿ ಕುರ್ಚಿಯ ಅಡಿಗೆ ಕೈ ಹಾಕಿ ಗೀರಿ, ತೃಪ್ತರಾಗಿ, ತಮ್ಮ ಪ್ರಶ್ನೆ ಕೇಳಿದರು.

“ಎಂತ ಮಾಡುದು ಅಮ್ಮ” ಎಂದರು ಮಾಲೀಕರು, “ಈ ಕುರ್ಚಿಯಲ್ಲಿ ಕೂತವ ಏಳುದಿಲ್ಲ. ಒಂದು ಕಾಪಿ ಕುಡಿತಾನೆ, ಪೇಪರ್ ಓದ್ತಾನೆ, ಇನ್ನೊಬ್ಬನನ್ನು ಕರೀತಾನೆ. ನಮಗೆ ಟೇಬಲ್ ತಿರುಗಬೇಡವಾ? ಈಗ ಬರುವ ಸ್ಟೀಲಿನದ್ದರಲ್ಲಿ ಸ್ವಲ್ಪ ಹೊತ್ತು ಕೂತರೆ ಸೊಂಟವೇ ಹೇಳ್ತದೆ, ಏಳು ಮಾರಾಯ ಅಂತ.”

ಮೌಶಿಯ ಮುಖ ಅರಳಿತು. “ತಗೋ ತಂಗಿ” ಎಂದರು ನನ್ನ ಹೆಂಡತಿಗೆ. “ಜನ ಭಾಳ ಹೊತ್ತು ಕೂಡೂ ಕುರ್ಚಿ. ನಿನಗ ಇದಽ ಬೇಕು.”

ಒಂದಷ್ಟು ಕುರ್ಚಿಗಳು ಟೆಂಪೋದಲ್ಲಿ ಹೋದವು. ಟೆಂಪೋದಲ್ಲಿ ಹಿಡಿಸದ ಎರಡನ್ನು ಮಾಟುಂಗ ರೋಡಿನಿಂದ ಲೋಕಲ್ಲಿನ ಲಗೇಜ್ ಡಬ್ಬಿಯಲ್ಲಿ ತಂದೆವು. ಈ ನಗರದ ಲೋಕಲ್ಲಿನಲ್ಲಿ ಜೀವಮಾನವೆಲ್ಲ ನಿಂತು ಓಡಾಡಿದ ನಾನು ಅಂದು ನನ್ನ ಸ್ವಂತ ಕುರ್ಚಿಯಲ್ಲಿ, ಮೀನಿನ ಬುಟ್ಟಿಗಳ ನಡುವೆ, ಕಾಲ ಮೇಲೆ ಕಾಲು ಹಾಕಿ ಕುಳಿತು ಗೋರೆಗಾಂವಿಗೆ ಚಿತ್ತೈಸಿದೆ. ಇನ್ನೊಂದು ಕುರ್ಚಿಯಲ್ಲಿ ಒಬ್ಬ ಮೀನಿನವಳು ಕೂತಳು. ಇಳಿಯುವಾಗ ಅವಳೂ ಅದನ್ನು ಹೊಗಳಿ, ನಾವೇಕೆ ಮಾರುತ್ತಿದ್ದೇವೆ ಎಂದು ವಿಚಾರಿಸಿದಳು.

ಬಾಂದ್ರಾದ ಪ್ರಸಂಗ ಇದಕ್ಕೆ ವಿರುದ್ಧವಾದದ್ದು. ಅಲ್ಲಿ ಒಬ್ಬ ವೃದ್ಧ ಮಹಿಳೆ ಗಾಜಿನ ಬಾಗಿಲಿನ ಒಂದು ಕಪಾಟು ಮಾರುತ್ತಿದ್ದರು. ನನ್ನ ಹೆಂಡತಿ ಅದನ್ನು ಕಂಡ ಕೂಡಲೇ ಮನಸ್ಸಿನಲ್ಲೇ ಅದರೊಳಗೆ ಲೋಟಗಳನ್ನು ಜೋಡಿಸಿಬಿಟ್ಟಳು. ಮೌಶಿ ಹಿಂದಿಯಲ್ಲಿ ಕೇಳಿದರು, ಯಾಕೆ ಮಾರುತ್ತೀರಿ ಆಂಟಿ ಎಂದು. ಗೆದ್ದಲು ಹಿಡಿದೀತೆಂಬ ಭಯ ಎಂದರು ಆಕೆ. ಸ್ವಲ್ಪ ಬಿಟ್ಟು, ಜಾಗ ಸಾಲದು ಎಂದರು. ಚಹಾ ಕೊಡುತ್ತಾ, ಈಗಿನ ಕಾಲಕ್ಕೆ ಇದು ಹೊಂದುವುದಿಲ್ಲವಂತೆ, ಮನೆಯಲ್ಲಿ ಎಲ್ಲರೂ ಹೇಳುತ್ತಾರೆ ಎಂದರು. ಹೇಳುತ್ತಾ ಹೇಳುತ್ತಾ ಸೆರಗಿನಿಂದ ಅದರ ಗಾಜು ಒರೆಸುತ್ತಿದ್ದರು. ಮೌಶಿ ಚಹಾ ಮುಗಿಸಿ, “ಸಂಭಾಲ್ ಕೇ ರಖೋ”, ಜೋಪಾನವಾಗಿ ಇಟ್ಟುಕೊಳ್ಳಿ, ಎಂದು ಎದ್ದರು.

ಹೆಂಡತಿ ಬಸ್ ಸ್ಟಾಪಿನವರೆಗೆ ಹಿಂತಿರುಗಿ ನೋಡುತ್ತಲೇ ಬಂದಳು. ಅಲ್ಲಿ, “ಒಳ್ಳೇ ಕಪಾಟು ಮೌಶಿ. ಅವರೇ ಕೊಡ್ತೀನಿ ಅಂತಿದ್ರಲ್ಲ” ಎಂದಳು.

“ಮೂರು ಕಾರಣ ಹೇಳಿದ್ರವಾ. ಮಾರೂ ಮನಸ್ಸಿದ್ದಾಕಿಗೆ ಒಂದಽ ಸಾಕಾಗತೈತಿ.”

ಇದೇನು ವಿಧಾನವೆಂದು ನಾನು ಬಹಳ ಚಿಂತಿಸಿದೆ. ದೃಷ್ಟಿದೋಷದ ಅಂಜಿಕೆ ಇರಬಹುದೆಂದುಕೊಂಡೆ. ಆದರೆ ಸತ್ತವರ ಮಂಚ, ದಿವಾಳಿಯಾದವರ ಮೇಜು ಇವುಗಳನ್ನು ಅವರು ನಿಶ್ಚಿಂತೆಯಿಂದ ತರುತ್ತಿದ್ದರು. ಬೆಲೆ ಇಳಿಸುವ ತಂತ್ರವೇ ಎಂದರೆ, ಉತ್ತರ ಹಿಡಿಸಿದರೆ ಅವರು ಚೌಕಾಸಿಯನ್ನೇ ಮರೆತುಬಿಡುತ್ತಿದ್ದರು. ಬರೀ ಚಪಲವಿರಬಹುದೆಂಬ ನಿರ್ಣಯಕ್ಕೆ ಬಂದು ಕಡತ ಮುಚ್ಚಿದೆ. ಇನ್ನೊಂದು ವಿಚಿತ್ರವೂ ಇತ್ತು. ಹಳೆಯ ಹೊಲಿಗೆ ಮಶೀನಿನ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಹಲಗೆ ಹಾಕಿ ಮೇಜು ಮಾಡುವುದು ಈಗ ದೊಡ್ಡ ಫ್ಯಾಶನ್ನು. ಹೆಂಡತಿ ಫೋನಿನಲ್ಲಿ ಚಿತ್ರ ತೋರಿಸಿದಾಗ ಮೌಶಿ ನೋಡಿ, “ಅದೊಂದು ಬ್ಯಾಡ” ಎಂದು ಫೋನನ್ನು ಬೋರಲಾಗಿ ಇಟ್ಟರು.

ಮೂರನೆಯ ಸಂಕ್ರಾಂತಿ ಬಂತು. ಆ ಸಲ ಹೆಂಡತಿಗೆ ಸೊಂಟ ನೋಯಲಿಲ್ಲ. ಹಳದಿ-ಕುಂಕುವಿಗೆ ಕರೆಯುವುದೆಂದು ನಿಶ್ಚಯವಾಯಿತು; ಎರಡೂ ವಿಂಗುಗಳಿಗೆ ಕರೆ ಹೋಯಿತು. ಕರೆದು ಬಂದವಳೇ ಅಡುಗೆಮನೆಯಲ್ಲಿ ಕೂತು, “ಯಾರಾದ್ರೂ ಬರ್ತಾರೇನ್ರೀ?” ಎಂದಳು. ಎರಡು ವರ್ಷ ತಾನು ಹೋಗದ ಮನೆಗಳವರು ತನ್ನ ಮನೆಗೇಕೆ ಬರಬೇಕು ಎಂಬುದು ಅವಳ ಅಳುಕು. ಈ ಸಲವೂ ಕೆಟ್ಟರೆ ಮತ್ತೆಂದೂ ಕರೆಯುವವಳಲ್ಲ ಎಂಬುದು ನನಗೆ ಗೊತ್ತಿತ್ತು. ಮೌಶಿಗೂ ಗೊತ್ತಿತ್ತು.

ಅವರ ಚಡಪಡಿಕೆ ನಮಗಿಂತ ಹೆಚ್ಚು. ಎಲ್ಲ ಆಯಿತು, ಆದರೂ ಹಾಲು ಇಕ್ಕಟ್ಟಾಗಿ ಕಾಣುತ್ತದೆ ಎಂದು ದಿನಾ ಬಂದು ಒಂದೊಂದು ಕುರ್ಚಿಯಲ್ಲಿ ಕುಳಿತು ಎದ್ದು ಹೋಗುತ್ತಿದ್ದರು. ನಮ್ಮ ಕಿಟಕಿಯ ಹೊರಗೆ ಪಕ್ಕದ ಕಾಂಪೌಂಡಿನ ಒಂದು ಬಾದಾಮಿ ಮರವಿದೆ. ಆ ದಿನಗಳಲ್ಲಿ ಅದರ ಎಲೆಯೆಲ್ಲ ಕೆಂಪಾಗುತ್ತದೆ. “ಆ ಗಿಡಾನ ಒಳಗ ತರಬೇಕು” ಎಂದರು ಒಂದು ದಿನ. ಮರುದಿನವೇ ಗುಜರಿ ಸಾಮಾನು ಮಾರುವ ಭಂಗಾರ್‌ವಾಲನ ಗಾಡಿಯಿಂದ ಒಂದು ಕನ್ನಡಿ ಬಂತು. ಸೊಂಟದೆತ್ತರದ್ದು, ಕೆತ್ತಿದ ಸಾಗುವಾನಿ ಚೌಕಟ್ಟು, ಕೆಳಗೆ ಕುಂಕುಮದ ಬಟ್ಟಲು ಇಡುವಷ್ಟು ಒಂದು ಪಟ್ಟಿ. ಕಿಟಕಿಯ ಎದುರಿನ ಗೋಡೆಗೆ ಅದನ್ನು ತೂಗುಹಾಕಿದ ಕ್ಷಣ ಬಾದಾಮಿ ಮರ ತನ್ನ ಕೆಂಪಿನೊಂದಿಗೆ ನಮ್ಮ ಹಾಲಿನೊಳಗೆ ಬಂದು ನಿಂತಿತು. ಹೆಂಡತಿ ಬಾಯಿಗೆ ಸೆರಗು ಹಿಡಿದು ನೋಡಿದಳು.

“ಭಂಗಾರ್‌ವಾಲನ್ನ ಕೇಳಿದ್ರಾ ಮೌಶಿ?” ಎಂದೆ, ತಮಾಷೆಗೆ.

“ಕೇಳಿದ್ನಲ್ಲ. ಪಾರ್ಟಿ ಗಾಂವ್ ಚಲೀ ಗಯೀ ಅಂದ.”

ಇಲ್ಲೊಂದು ಮಾತು. ಆ ಭಂಗಾರ್‌ವಾಲ ತನ್ನ ಯಾವ ಸಾಮಾನಿನ ಬಗ್ಗೆ ಯಾರು ಕೇಳಿದರೂ ಇದೇ ಉತ್ತರ ಕೊಡುತ್ತಿದ್ದ. ಅವನ ಹೇಳಿಕೆಯನ್ನು ನಂಬಿದರೆ ಗೋರೆಗಾಂವಿನ ಅರ್ಧ ಜನ ಊರಿಗೆ ಹೋಗಿಬಿಟ್ಟಿದ್ದರು. ಇದು ಮೌಶಿಗೆ ತಿಳಿಯದ ವಿಷಯವಲ್ಲ. ಆದರೆ ಅಂದು ಅವರಿಗೆ ಕನ್ನಡಿ ಬೇಕಾಗಿತ್ತು.

ಜನ ಬಂದರು. ಹೆಂಗಸರ ಸಮಾರಂಭವಾದ್ದರಿಂದ ನನ್ನನ್ನು ಒಳಕೋಣೆಗೆ ಗಡೀಪಾರು ಮಾಡಲಾಗಿತ್ತು. ಬಾಗಿಲು ಬೆರಳಿನಷ್ಟು ತೆರೆದಿತ್ತು. ಆ ಸಂದಿಯಿಂದ ಕನ್ನಡಿ ಕಾಣುತ್ತಿತ್ತು, ಕನ್ನಡಿಯಲ್ಲಿ ಇಡೀ ಹಾಲು. ವಾರ್ತಾಪತ್ರಿಕೆಯನ್ನು ನೆಪಕ್ಕೆ ಹಿಡಿದು ನಾನು ಈ ಚಿತ್ರಪ್ರದರ್ಶನವನ್ನು ನೋಡುತ್ತಿದ್ದೆ. ತಾನು ವಿಧವೆ, ಕುಂಕುಮದ ಕಾರ್ಯದಲ್ಲಿ ಹೊರಗೆ ಬರುವುದಿಲ್ಲವೆಂದು ಮೌಶಿ ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಉಪ್ಪಿಟ್ಟಿನ ಉಸ್ತುವಾರಿ ವಹಿಸಿದ್ದರು. ಹೆಂಡತಿ ಎಷ್ಟು ಕರೆದರೂ ಬರಲಿಲ್ಲ.

ಬಂದವರು ಕೂತರು. ಆದರೆ ಕೂತದ್ದು ಕುರ್ಚಿಯ ತುದಿಯಲ್ಲಿ. “ಛಾನ್ ಆಹೇ ಘರ್”, ಮನೆ ಚೆನ್ನಾಗಿದೆ, ಎಂದರು ಒಬ್ಬರು. ಇನ್ನೊಬ್ಬರು ಪರದೆ ಮುಟ್ಟಿ ನೋಡಿದರು. ಮೌನ. ಪರಿಚಯವಿಲ್ಲದ ಮನೆಯ ಅಂದವನ್ನು ಹೊಗಳಿ ಮುಗಿದ ಮೇಲೆ ಉಳಿಯುವ ಮೌನ. ಹೆಂಡತಿ ಎಳ್ಳುಂಡೆಯ ತಟ್ಟೆಯನ್ನು ಅದೇ ಜನರ ಮುಂದೆ ಎರಡನೇ ಸಲ ಹಿಡಿಯುತ್ತಿದ್ದಳು. ಆಗ ಬಿ ವಿಂಗಿನ ಒಬ್ಬ ಹೆಂಗಸು, ಎಲ್ಲರಿಗಿಂತ ಮೆತ್ತಗಿನಾಕೆ, ಎದ್ದು ಕನ್ನಡಿಯ ಮುಂದೆ ಬಂದಳು. ಹೆಂಡತಿ ಹಚ್ಚಿದ ಕುಂಕುಮ ತುಸು ಓರೆಯಾಗಿತ್ತು, ಸರಿಮಾಡಿಕೊಳ್ಳಲೆಂದು ಕಾಣುತ್ತದೆ. ಬಂದು ನಿಂತವಳು ತನ್ನ ಮುಖವನ್ನು ನೋಡಿಕೊಳ್ಳಲಿಲ್ಲ. ಚೌಕಟ್ಟನ್ನು ನೋಡಿದಳು. ಕೈ ತಾನಾಗಿ ಕೆಳಗಿನ ಪಟ್ಟಿಯ ಎಡತುದಿಗೆ ಹೋಯಿತು, ಹೆಬ್ಬೆರಳಿನಿಂದ ಒತ್ತಿದಳು. ನಾವು ದಿನಾ ಒರೆಸುತ್ತಿದ್ದ, ಬರೀ ಪಟ್ಟಿ ಎಂದುಕೊಂಡಿದ್ದ ಆ ಮರದ ತುಂಡು ಮುಂದಕ್ಕೆ ಜಾರಿತು. ಅದೊಂದು ಪುಟ್ಟ ಡ್ರಾಯರು. ಒಳಗೆ ಎರಡು ಹೇರ್‌ಪಿನ್ನು, ಒಣಗಿದ ಕುಂಕುಮದ ಹುಡಿ.



“ಆಈಚಾ ಆರಸಾ” ಎಂದಳು ಆಕೆ ಮೆಲ್ಲಗೆ. ತನ್ನ ತಾಯಿಯ ಕನ್ನಡಿ. ಆಮೇಲೆ ಇಷ್ಟು ಹೇಳಿದಳು: ತಾನು ತವರಿಗೆ ಹೋಗಿದ್ದಾಗ, ಗೋಡೆಗೆ ಬಣ್ಣ ಹೊಡೆಸುವಾಗ ಇದು ಬಿದ್ದು ಚೂರಾಯಿತೆಂದು ಗಂಡ ಹೇಳಿದ್ದ. ಆ ಗೋಡೆಯಲ್ಲಿ ಈಗ ದೊಡ್ಡ ಟಿ.ವಿ. ಇದೆ.

ಹೆಂಡತಿಯ ಮುಖ ಬಿಳಿಚಿದ್ದು ಕನ್ನಡಿಯಲ್ಲೂ ಕಂಡಿತು. ಕದ್ದ ಮಾಲು ಇಟ್ಟುಕೊಂಡು ಸಿಕ್ಕಿಬಿದ್ದವಳಂತೆ ತಟ್ಟೆ ಹಿಡಿದು ನಿಂತಿದ್ದಳು. ನಾನು ಎದ್ದು ಹೊರಗೆ ಹೋಗಬೇಕೇ, ಹೋಗಿ ಏನು ಹೇಳಬೇಕು ಎಂದು ಯೋಚಿಸುವಷ್ಟರಲ್ಲಿ ಮೌಶಿ ಅಡುಗೆಮನೆಯಿಂದ ಬಂದರು. ಹಳದಿ-ಕುಂಕುವಿನ ನಡುಮಧ್ಯಕ್ಕೆ, ಕೈಯಲ್ಲಿ ಸೌಟಿನೊಂದಿಗೆ. ಸೌಟನ್ನು ಕಡಪಾ ಕಲ್ಲಿನ ಮೇಲಿಟ್ಟು, ಎರಡೂ ಕೈಯಿಂದ ಕನ್ನಡಿಯನ್ನು ಮೊಳೆಯಿಂದ ಇಳಿಸಿದರು. ಒಳಕೋಣೆಯ ನನಗೆ ಪ್ರದರ್ಶನದ ಪರದೆಯನ್ನೇ ಎತ್ತಿಕೊಂಡು ಹೋದಂತಾಯಿತು. ಉಳಿದದ್ದನ್ನು ಕಿವಿಯಿಂದ ಮಾತ್ರ ನೋಡಿದೆ.

“ಹೇ ತುಝಂಚ್ ವಾಣ. ಘೇಊನ್ ಜಾ” ಎಂದರು ಮೌಶಿ. ಇದು ನಿನ್ನದೇ ಬಾಗಿನ, ತೆಗೆದುಕೊಂಡು ಹೋಗು ಎಂದು. ಆಮೇಲೆ ಕನ್ನಡದಲ್ಲಿ, ನನ್ನ ಹೆಂಡತಿಗೆ: “ಏನ್ ನೋಡ್ತಿ ತಂಗಿ? ಕೊಡು. ನಿನ್ನ ಕೈಯಿಂದಽ ಕೊಡು.”

ಕನ್ನಡಿ ಬಲು ಭಾರ. ಬಿ ವಿಂಗಿನಾಕೆ ಫೋನು ತೆಗೆದು ಗಂಡನಿಗೆ, “ಜರಾ ವರ್ ಯಾ” ಎಂದಳು. ಸ್ವಲ್ಪ ಮೇಲೆ ಬನ್ನಿ ಎಂದಷ್ಟೇ. ದನಿಯಲ್ಲಿ ಏನೂ ಇರಲಿಲ್ಲ. ಆ ಮನುಷ್ಯ ಏನೋ ಪೂಜೆಯ ಪ್ರಸಾದ ಹೊರಬೇಕೆಂದುಕೊಂಡು ನಗುನಗುತ್ತಾ ಮೆಟ್ಟಿಲು ಹತ್ತಿ ಬಂದ. ಹೊಸ್ತಿಲಲ್ಲಿ ಅವನ ಚಪ್ಪಲಿಯ ಸದ್ದು ನಿಂತಿತು. ಯಾರೂ ಅವನನ್ನು ಏನೂ ಕೇಳಲಿಲ್ಲ. ಎದ್ದು ಹೋಗಿ ಕಿಟಕಿಯಿಂದ ಇಣುಕಿದಾಗ, ಬೆನ್ನ ಮೇಲೆ ಕನ್ನಡಿ ಹೊತ್ತು ಅವನು ಬಿ ವಿಂಗಿನ ಕಡೆಗೆ ಬಗ್ಗಿ ನಡೆಯುತ್ತಿದ್ದ. ನಮ್ಮ ಬಾದಾಮಿ ಮರ ಅವನ ಬೆನ್ನಿನಲ್ಲಿ ಕುಳಿತು ಹೊರಟುಹೋಯಿತು.

ಹಾಲಿನಲ್ಲಿ ಯಾರೋ ಒಬ್ಬರು ನಿಧಾನವಾಗಿ ಅಂದರು: “ನಮ್ಮನೆಯವ್ರೂ ಮಿಕ್ಸರ್ ಒಡೆದುಹೋಯ್ತು ಅಂದಿದ್ರು.”

ಇನ್ನೊಬ್ಬರು, “ನಮ್ಮತ್ತೆ ಕೊಟ್ಟ ಹಂಡೆಗೆ ತೂತು ಬಿದ್ದಿತ್ತಂತೆ” ಎಂದರು. ಮೂರನೆಯವರು ಮರಾಠಿಯಲ್ಲಿ, ಹಾಗಾದರೆ ಮುಂದಿನ ವರ್ಷ ಇದೇ ಮನೆಯಲ್ಲಿ ಮಾಡೋಣ, ಯಾರ್ಯಾರದು ಏನೇನು ಸಿಗುತ್ತದೋ ನೋಡೋಣ ಎಂದರು. ಮೊದಲು ನಕ್ಕದ್ದು ಬಿ ವಿಂಗಿನಾಕೆಯೇ. ಆಮೇಲೆ ಎಲ್ಲರೂ. ಆ ಗದ್ದಲದ ನಡುವೆ ಕ್ವಾರ್ಟರ್ಸಿನ ಕಾಲದ ಒಂದು ನಗು ನನಗೆ ಕೇಳಿಸಿತು. ಮೂಗಿನಿಂದ ಶುರುವಾಗಿ ಬಿಕ್ಕಳಿಕೆಯಲ್ಲಿ ಮುಗಿಯುವ, ಅಕ್ಕಪಕ್ಕದವರಿಗೆ ಮುಜುಗರ ತರುವ ನಗು. ಅದು ನನ್ನ ಹೆಂಡತಿಯದು. ಜನ ಕುರ್ಚಿಗಳಲ್ಲಿ ಹಿಂದಕ್ಕೆ ಒರಗಿದ ಸದ್ದು, ಎರಡನೇ ಸಲ ಚಹಾ ಇಟ್ಟ ಸದ್ದು. ದೀಪ ಹಚ್ಚುವ ಹೊತ್ತು ಮೀರಿದರೂ ಯಾರೂ ಏಳಲಿಲ್ಲ. ಹೋಟೆಲ್ ಮಾಲೀಕರ ಸಂಕಟ ನನಗೆ ಆಗ ಪೂರ್ತಿ ಅರ್ಥವಾಯಿತು.

ಎಲ್ಲರೂ ಹೋದ ಮೇಲೆ ನೋಡಿದರೆ ಮೌಶಿ ಅಡುಗೆಮನೆಯಲ್ಲಿ ಸುಮ್ಮನೆ ಕೂತಿದ್ದರು. ಗೆದ್ದ ಸಂತೋಷ ಅವರ ಮುಖದಲ್ಲಿರಲಿಲ್ಲ.

“ಮನಸಿಟ್ಟು ಕೇಳಲಿಲ್ಲ ನಾ” ಎಂದರು. “ಗಿಡ ಒಳಗ ಬರಲಿ ಅಂತ ಆಸೆ ಬಿತ್ತು. ಅಂವ ಹೇಳಿದ್ದಕ್ಕ ಹೂಂ ಅಂದೆ.”

ಆಗ ನಾನು ಬಹಳ ದಿನದಿಂದ ಇಟ್ಟುಕೊಂಡಿದ್ದ ಪ್ರಶ್ನೆ ಕೇಳಿದೆ. ಅಷ್ಟಕ್ಕೂ ಎಲ್ಲರನ್ನೂ ಅದೇಕೆ ಕೇಳುತ್ತೀರಿ ಮೌಶಿ ಎಂದು.

“ಗಿರಣಿ ಬಂದ್ ಆದಾಗ ನಮ್ಮನ್ಯಾಗ ನನ್ನ ಮಶೀನ್ ಮಾರಿದ್ರು ಸಾಹೇಬ್ರ. ಹೊಲಿಗಿ ಮಶೀನ್. ಬ್ಯಾಡ ಅಂದ್ರ ಉಣ್ಣೂದೇನು? ನಾನಽ ಎತ್ತಿ ಕೊಟ್ಟೆ. ಮುಂದ ಎಷ್ಟೋ ವರ್ಷದ ಮ್ಯಾಲೆ ಫಾಲ್ ಹಚ್ಚಿದ ಸೀರಿ ಕೊಡಾಕ ಒಂದು ದೊಡ್ಡ ಮನೀಗೆ ಹೋದೆ. ಅಲ್ಲಿ ಇತ್ತು. ಬಾಜೂಕ ನನ್ನ ಮಗಳು ಮೊಳಿ ಚುಚ್ಚಿ ಗೀಚಿದ್ದು ಹಂಗಽ ಇತ್ತು. ಅದರ ಮ್ಯಾಲೆ ಹೂವಿನ ಕುಂಡ ಇಟ್ಟಿದ್ರು.” ಮತ್ತೆ ಹೇಳಿದರು, “ಛಂದ ಕಾಣ್ತಿತ್ತು. ಅದಽ ಬ್ಯಾಸರ. ಭಾಳ ಛಂದ ಕಾಣ್ತಿತ್ತು.”

ನಾನು ಮುಚ್ಚಿದ್ದ ಕಡತವನ್ನು ಅಲ್ಲಿಗೆ ಹರಿದುಹಾಕಿದೆ.

ಆ ಗೋಡೆಗೆ ಬೇರೆ ಕನ್ನಡಿ ಹುಡುಕುತ್ತೇನೆಂದು ಅವರು ಹೇಳುತ್ತಲೇ ಇದ್ದರು. ಬೇಡವೆಂದಳು ಹೆಂಡತಿ. ಮುಂದಿನ ವರ್ಷದ ಹಳದಿ-ಕುಂಕುವಿನಲ್ಲಿ ಹೆಂಗಸರು ಮೌಶಿಯನ್ನು ಅಡುಗೆಮನೆಯಲ್ಲಿ ಕೂರಲು ಬಿಡಲಿಲ್ಲ. ಬಿ ವಿಂಗಿನಾಕೆ ಕೈಹಿಡಿದು ಎಳೆದು ತಂದು ಅವರ ಎರಡೂ ಕೆನ್ನೆಗೆ ಅರಿಶಿನ ಹಚ್ಚಿದಳು. ಮೌಶಿ ಯಾರ ಮುಖವನ್ನೂ ನೋಡದೆ, ಕೂತಿದ್ದ ಕುರ್ಚಿಯ ಅಡಿಯನ್ನು ಉಗುರಿನಿಂದ ಕೆರೆಯುತ್ತಾ ಇದ್ದರು. ಅದು ಸಾಗುವಾನಿ ಎಂದು ಅವರಿಗೆ ಮೊದಲೇ ಗೊತ್ತಿತ್ತು.

ಹೋದ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ಅವರು ತೀರಿಕೊಂಡರು. ಹೆಚ್ಚು ಮಲಗಲಿಲ್ಲ, ಜ್ವರವೆಂದರು, ಆಸ್ಪತ್ರೆಗೆ ಹೋದರು, ಅಲ್ಲಿಂದ ಬರಲಿಲ್ಲ. ಸೊಲ್ಲಾಪುರದಿಂದ ಮಗಳು ಬಂದಳು. ಸ್ಮಶಾನದಿಂದ ಹಿಂತಿರುಗಿದ ಮೇಲೆ ಜನ ಬರತೊಡಗಿದರು. ಮೌಶಿಯ ಕೋಣೆಯಲ್ಲಿ ನಾಲ್ಕು ಜನ ಕೂರುವಷ್ಟು ಜಾಗವಿರಲಿಲ್ಲ. ಹಗ್ಗದ ಮೇಲೆಲ್ಲ ಊರಿನವರ ಸೀರೆಗಳು, ಅರ್ಧ ಫಾಲ್ ಹಚ್ಚಿದವು, ಹಚ್ಚಬೇಕಾದವು. ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ, ಎಲ್ಲರೂ ನಮ್ಮ ಮನೆಗೆ ಬಂದರು. ಬಾಗಿಲು ತೆರೆದೇ ಇತ್ತು. ಕುರ್ಚಿಗಳು ತುಂಬಿದವು, ಕಲ್ಲಿನ ಮೇಲೆ ಇಬ್ಬರು ಕೂತರು, ಮಿಕ್ಕವರು ನೆಲದ ಮೇಲೆ. ಹೆಂಡತಿ ಯಾರಿಗೆ ನೀರು, ಯಾರಿಗೆ ಸಕ್ಕರೆಯಿಲ್ಲದ ಚಹಾ ಎಂದು ಕೇಳದೆಯೇ ಕೊಡುತ್ತಾ ಓಡಾಡುತ್ತಿದ್ದಳು.

ಮೌಶಿಯ ಮಗಳು ನಮ್ಮ ಬಾಗಿಲಲ್ಲಿ ನಿಂತು ಇದನ್ನೆಲ್ಲ ಬೆರಗಿನಿಂದ ನೋಡಿದಳು. “ಇವರೆಲ್ಲ ಯಾರ್ರಿ ಕಾಕಾ?” ಎಂದು ನನ್ನನ್ನು ಕೇಳಿದಳು. “ನಿಮ್ಮ ಮಂದಿ ಏನು?”

ಹೌದು ಎಂದೆ. ಅವಳಿಗೆ ಕೂರಲು ಕುರ್ಚಿ ತರೋಣವೆಂದು ಒಳಗೆ ನೋಡಿದೆ. ಒಂದೂ ಖಾಲಿಯಿರಲಿಲ್ಲ. ಬಿ ವಿಂಗಿನಾಕೆ ಎದ್ದು ತನ್ನದನ್ನು ಅವಳಿಗೆ ಕೊಟ್ಟು, ತಾನು ನನ್ನ ಹೆಂಡತಿಯ ಹಿಂದೆ ಅಡುಗೆಮನೆಗೆ ಹೋಗಿ ಲೋಟ ತೊಳೆಯಲು ನಿಂತಳು.